ನಾಯ್ಸ್ ರಿಡಕ್ಷನ್ ಬಳಸಿದ ಮೇಲೆ ಧ್ವನಿ ಕೃತಕವಾಗಿ ಕೇಳಿಸುತ್ತಿದೆ: ಯಾವ ಕ್ರಮದಲ್ಲಿ ಎಡಿಟ್ ಮಾಡಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಪಾಠದ ವೀಡಿಯೊಗಳಿಗಾಗಿ ಯುಎಸ್‌ಬಿ ಮೈಕ್‌ನಲ್ಲಿ ಧ್ವನಿಯನ್ನು ರೆಕಾರ್ಡ್ ಮಾಡಿ, ಆಡಾಸಿಟಿ ಎಂಬ ಧ್ವನಿ ಎಡಿಟಿಂಗ್ ತಂತ್ರಾಂಶದಲ್ಲಿ ಎಡಿಟ್ ಮಾಡುವುದನ್ನು ಈಗಷ್ಟೇ ಕಲಿಯುತ್ತಿದ್ದೇನೆ. ರೆಕಾರ್ಡಿಂಗ್‌ನಲ್ಲಿ ಫ್ಯಾನಿನ ಸದ್ದು, ಸಣ್ಣಗೆ ಗುಂಯ್‌ಗುಡುವ ಇನ್ನೊಂದು ಸದ್ದು ಮತ್ತು ಕೋಣೆಯ ಪ್ರತಿಧ್ವನಿ ಮೂರೂ ಸೇರಿಕೊಂಡಿವೆ. ಅದರಲ್ಲಿರುವ ನಾಯ್ಸ್ ರಿಡಕ್ಷನ್ (ಗದ್ದಲ ತಗ್ಗಿಸುವ ಎಫೆಕ್ಟ್) ಅನ್ನು ಹೆಚ್ಚಿಸಿದರೆ ಫ್ಯಾನಿನ ಸದ್ದು ಹೋಗುತ್ತದೆ, ಆದರೆ ಮಾತು ನೀರಿನೊಳಗಿನಿಂದ ಬಂದಂತಾಗುತ್ತದೆ. ಪ್ರತಿಧ್ವನಿಯಂತೂ ಸ್ವಲ್ಪವೂ ತಗ್ಗುವುದಿಲ್ಲ. ಯಾವ ಎಫೆಕ್ಟ್ ಅನ್ನು ಯಾವುದರ ನಂತರ, ಎಷ್ಟು ಪ್ರಮಾಣದಲ್ಲಿ ಬಳಸಬೇಕೆಂದು ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1

ನಾಯ್ಸ್ ರಿಡಕ್ಷನ್ ಕೆಲಸ ಮಾಡುವ ಬಗೆಯನ್ನು ತಿಳಿದರೆ ನಿಮ್ಮ ತೊಂದರೆಯ ಕಾರಣ ಸ್ಪಷ್ಟವಾಗುತ್ತದೆ. ನೀವು ಮಾದರಿಯಾಗಿ ಕೊಟ್ಟ ಮಾತಿಲ್ಲದ ಭಾಗವನ್ನು ಅದು ಅನೇಕ ಆವರ್ತನ ಪಟ್ಟಿಗಳಾಗಿ ವಿಂಗಡಿಸಿ, ಪ್ರತಿ ಪಟ್ಟಿಯಲ್ಲಿ ಗದ್ದಲ ಎಷ್ಟಿದೆಯೆಂದು ಗುರುತಿಸಿಕೊಳ್ಳುತ್ತದೆ. ಆಮೇಲೆ ಇಡೀ ರೆಕಾರ್ಡಿಂಗ್‌ನಲ್ಲಿ ಆ ಮಟ್ಟವನ್ನು ದಾಟದಿರುವ ಪಟ್ಟಿಗಳನ್ನೆಲ್ಲ ತಗ್ಗಿಸುತ್ತದೆ. ಸ, ಶ, ಹ ಮುಂತಾದ ಅಕ್ಷರಗಳ ಧ್ವನಿಯೂ ಗದ್ದಲದ ಸ್ವರೂಪದ್ದೇ ಆದ್ದರಿಂದ, ಪ್ರಮಾಣ ಹೆಚ್ಚಾದಾಗ ಅವೂ ಸವೆದುಹೋಗುತ್ತವೆ, ಅಲ್ಲಲ್ಲಿ ಉಳಿದ ಚೂರುಗಳು ನೀವು ಹೇಳುವ ಆ ನೀರಿನ ಅನುಭವವನ್ನು ಕೊಡುತ್ತವೆ.

ಆದ್ದರಿಂದ 6ರಿಂದ 12 ಡೆಸಿಬಲ್‌ನಷ್ಟು ಮಾತ್ರ ತಗ್ಗಿಸಿ. ಅದೇ ಕಿಟಕಿಯಲ್ಲಿ ರೆಸಿಡ್ಯೂ ಎಂಬ ಆಯ್ಕೆಯಿದೆ. ಅದನ್ನು ಒತ್ತಿ ಪ್ರಿವ್ಯೂ ಕೇಳಿದರೆ, ತೆಗೆದುಹಾಕಲಾಗುವ ಭಾಗವಷ್ಟೇ ಕೇಳಿಸುತ್ತದೆ. ಅದರಲ್ಲಿ ಪದಗಳು ಗುರುತು ಸಿಗುವಂತಿದ್ದರೆ ನೀವು ಮಾತನ್ನೇ ಕತ್ತರಿಸುತ್ತಿದ್ದೀರಿ ಎಂದರ್ಥ. ಹೊಸಬರು ಈ ಆಯ್ಕೆಯತ್ತ ನೋಡುವುದೇ ಇಲ್ಲ, ಆದರೆ ನನ್ನ ಮಟ್ಟಿಗೆ ಆ ಕಿಟಕಿಯಲ್ಲಿ ಅತ್ಯಂತ ಉಪಯುಕ್ತವಾದುದು ಇದೇ. ಮಾದರಿಗಾಗಿ ರೆಕಾರ್ಡಿಂಗ್‌ನ ಆರಂಭದಲ್ಲಿ ಕೆಲವು ಸೆಕೆಂಡು ಸುಮ್ಮನಿರಿ. ನಡುವೆ ಫ್ಯಾನಿನ ವೇಗ ಬದಲಾದರೆ ಆ ಮಾದರಿ ಉಪಯೋಗಕ್ಕೆ ಬಾರದು.

ಪ್ರತಿಧ್ವನಿಯ ವಿಷಯ ಬೇರೆ. ಅದು ಗೋಡೆಗಳಿಗೆ ತಾಗಿ ಮರಳಿ ಬರುವ ನಿಮ್ಮದೇ ಧ್ವನಿಯಾದ್ದರಿಂದ, ಮಾತಿಲ್ಲದ ಭಾಗದಿಂದ ತೆಗೆದ ಮಾದರಿಯಲ್ಲಿ ಅದು ಇರುವುದೇ ಇಲ್ಲ. ಮೈಕ್ ಮತ್ತು ಬಾಯಿಯ ನಡುವಿನ ಅಂತರವನ್ನು ಅರ್ಧಕ್ಕೆ ಇಳಿಸಿದರೆ ನೇರ ಧ್ವನಿ ಸುಮಾರು 6 ಡೆಸಿಬಲ್ ಹೆಚ್ಚುತ್ತದೆ, ಕೋಣೆಯ ಪ್ರತಿಧ್ವನಿ ಮಾತ್ರ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಒಂದು ಗೇಣಿನಷ್ಟು ದೂರದಿಂದ, ಮೈಕ್‌ಗೆ ಸ್ವಲ್ಪ ಓರೆಯಾಗಿ ಮಾತನಾಡಿ. ಓರೆಯಾಗಿದ್ದರೆ ಪ, ಬ ಉಚ್ಚರಿಸುವಾಗಿನ ಗಾಳಿಯ ಹೊಡೆತವೂ ತಪ್ಪುತ್ತದೆ. ಸುತ್ತ ದಪ್ಪ ಪರದೆ ಅಥವಾ ಕಂಬಳಿ ಇದ್ದರೆ ಇನ್ನೂ ಒಳ್ಳೆಯದು.

ಉತ್ತರ 2

ಮೇಲಿನ ಉತ್ತರಕ್ಕೆ ಕ್ರಮದ ಬಗ್ಗೆ ಕೆಲವು ಮಾತು ಸೇರಿಸುತ್ತೇನೆ. ಮೊದಲು 80 ಹರ್ಟ್ಸ್‌ನ ಹೈ ಪಾಸ್ ಫಿಲ್ಟರ್ (ಅದಕ್ಕಿಂತ ಕೆಳಗಿನ ಆವರ್ತನಗಳನ್ನು ತಗ್ಗಿಸುವ ಫಿಲ್ಟರ್) ಹಾಕಿ. ಮೇಜಿನ ಕಂಪನದಂತಹ ತಗ್ಗಿನ ಸದ್ದುಗಳು ಅಲ್ಲಿಯೇ ಕಡಿಮೆಯಾಗುತ್ತವೆ. ನೀವು ಹೇಳಿದ ಗುಂಯ್‌ಗುಡುವಿಕೆ ಬಹುಶಃ ವಿದ್ಯುತ್ತಿನದು. ದೇಶಕ್ಕೆ ತಕ್ಕಂತೆ ಅದು 50 ಅಥವಾ 60 ಹರ್ಟ್ಸ್‌ನಲ್ಲಿಯೂ ಅದರ ಗುಣಕಗಳಲ್ಲಿಯೂ ಇರುವುದರಿಂದ ಹೈ ಪಾಸ್ ಒಂದೇ ಸಾಲದೆ, ಉಳಿದವುಗಳಿಗೆ ಒಂದೊಂದೇ ಆವರ್ತನವನ್ನು ತಗ್ಗಿಸುವ ನಾಚ್ ಫಿಲ್ಟರ್ ಬೇಕಾಗಬಹುದು. ಅದಕ್ಕೂ ಮುನ್ನ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಒಮ್ಮೆ ರೆಕಾರ್ಡ್ ಮಾಡಿ ನೋಡಿ.

ನಾಯ್ಸ್ ರಿಡಕ್ಷನ್ ಯಾವಾಗಲೂ ಕಂಪ್ರೆಸರ್‌ಗಿಂತ ಮೊದಲೇ ಬರಬೇಕು, ಏಕೆಂದರೆ ಕಂಪ್ರೆಸರ್ ಜೋರಾದ ಭಾಗಗಳನ್ನು ಅದುಮಿ ಒಟ್ಟು ಮಟ್ಟವನ್ನು ಏರಿಸಿದಾಗ, ಹಿನ್ನೆಲೆಯ ಗದ್ದಲವೂ ಮೇಲೆದ್ದು ಬರುತ್ತದೆ. ಇವೆರಡರ ನಡುವೆ, ಧ್ವನಿ ಮಂಕಾಗಿದ್ದರೆ, ಬೇರೆ ಬೇರೆ ಆವರ್ತನಗಳನ್ನು ಏರಿಸಿ ಇಳಿಸುವ ಈಕ್ವಲೈಸರ್‌ನಲ್ಲಿ 200ರಿಂದ 400 ಹರ್ಟ್ಸ್ ಆಸುಪಾಸಿನಲ್ಲಿ ಎರಡು ಮೂರು ಡೆಸಿಬಲ್ ಇಳಿಸಬಹುದು. ಮಾತಿಗೆ 2:1 ಅಥವಾ 3:1 ಅನುಪಾತದ ಕಂಪ್ರೆಷನ್ ಸಾಕು. ಒಟ್ಟು ಧ್ವನಿಯನ್ನು ನಿಗದಿತ ಜೋರಿಗೆ ತರುವ ಲೌಡ್‌ನೆಸ್ ನಾರ್ಮಲೈಸೇಶನ್ ಕೊನೆಯದು. ಪಾಡ್‌ಕಾಸ್ಟ್‌ಗಳಲ್ಲಿ ಸ್ಟೀರಿಯೊಗೆ ಸಾಮಾನ್ಯವಾಗಿ −16 ಎಲ್‌ಯುಎಫ್‌ಎಸ್ (ಕೇಳುವ ಜೋರಿನ ಅಳತೆ), ಮೊನೊಗೆ −19 ಎಲ್‌ಯುಎಫ್‌ಎಸ್ ಇಟ್ಟುಕೊಳ್ಳುತ್ತಾರೆ.

ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ರೆಸಿಡ್ಯೂ ಕೇಳಿದಾಗ ಅರ್ಧ ವಾಕ್ಯಗಳೇ ಅದರಲ್ಲಿದ್ದವು! ಇನ್ನೊಂದು ಸಂದೇಹ: ಜೋರಾಗಿ ಹೇಳಿದ ಕಡೆ ಅಲೆಗಳ ತುದಿ ಚಪ್ಪಟೆಯಾಗಿ, ಧ್ವನಿ ಒಡೆದಂತೆ ಕೇಳಿಸುತ್ತದೆ. ಇದನ್ನು ಸರಿಪಡಿಸಬಹುದೇ?

ಉತ್ತರ 2

ಅದು ಕ್ಲಿಪ್ಪಿಂಗ್. ತುದಿಯಲ್ಲಿದ್ದ ಮಾಹಿತಿ ದಾಖಲಾಗಿಯೇ ಇಲ್ಲವಾದ್ದರಿಂದ ಧ್ವನಿಯನ್ನು ತಗ್ಗಿಸಿದರೂ ಅದು ಮರಳುವುದಿಲ್ಲ. ಕ್ಲಿಪ್ ಫಿಕ್ಸ್ ಎಂಬ ಎಫೆಕ್ಟ್ ಸಣ್ಣಪುಟ್ಟ ಕಡೆಗಳಲ್ಲಿ ಆ ತುದಿಗಳನ್ನು ಅಂದಾಜಿನಿಂದ ತುಂಬಬಲ್ಲದು, ಆದರೆ ಹಲವು ಕಡೆ ಹೀಗಾಗಿದ್ದರೆ ಆ ವಾಕ್ಯಗಳನ್ನು ಮತ್ತೆ ರೆಕಾರ್ಡ್ ಮಾಡುವುದೇ ಸುಲಭ. ಆಗ ಅತಿ ಜೋರಾದ ಮಾತು −12ರಿಂದ −6 ಡೆಸಿಬಲ್ ನಡುವೆ ನಿಲ್ಲುವಂತೆ (0 ಎಂದರೆ ಧ್ವನಿ ಒಡೆಯುವ ಮಿತಿ) ಮೈಕ್‌ನ ಗೇನ್, ಅಂದರೆ ರೆಕಾರ್ಡಿಂಗ್ ಮಟ್ಟ, ಇಳಿಸಿಕೊಳ್ಳಿ. ಮೂಲ ರೆಕಾರ್ಡಿಂಗ್‌ನ ವೇವ್ ಪ್ರತಿಯನ್ನು ತೆಗೆದಿಟ್ಟು, ಎಂಪಿ3 ರೂಪಕ್ಕೆ ಎಲ್ಲ ಕೆಲಸ ಮುಗಿದ ಮೇಲಷ್ಟೇ ಬದಲಾಯಿಸಿ.