ವೃಷಣದ ಆರ್‌ಎನ್‌ಎ-ಸೀಕ್: ಡ್ಯಾಝ್, ಟಿಎಸ್‌ಪಿವೈ ಎರಡೂ ಸೊನ್ನೆ, ಯಾಕೆ?

ಪ್ರಶ್ನೆ
ವೈ ವರ್ಣತಂತುವಿನ ಯಾವ ಜೀನ್‌ಗಳು ವೃಷಣದಲ್ಲಿ ಚುರುಕಾಗಿವೆ ಅಂತ ಪಟ್ಟಿ ಮಾಡಬೇಕಿದೆ. ಆರ್‌ಎನ್‌ಎ-ಸೀಕ್‌ನಲ್ಲಿ ಓದಿದ ಆರ್‌ಎನ್‌ಎ ತುಣುಕುಗಳನ್ನು (ರೀಡ್) ಸ್ಟಾರ್ ತಂತ್ರಾಂಶದಲ್ಲಿ ಜೀನೋಮ್‌ಗೆ ಅಲೈನ್, ಫೀಚರ್‌ಕೌಂಟ್ಸ್‌ನಲ್ಲಿ ಜೀನ್‌ವಾರು ಎಣಿಕೆ, ಎರಡೂ ಡೀಫಾಲ್ಟ್. ಡಿಡಿಎಕ್ಸ್3ವೈ, ಯುಟಿವೈ ಚೆನ್ನಾಗಿ ಬಂದಿವೆ. ವೃಷಣದ್ದೇ ಅನ್ನುವ ಡ್ಯಾಝ್, ಟಿಎಸ್‌ಪಿವೈ ಮಾತ್ರ ಹೆಚ್ಚುಕಡಿಮೆ ಸೊನ್ನೆ. ಸ್ಯಾಂಪಲ್ ಕೆಟ್ಟಿದೆಯಾ?

ಉತ್ತರ 1
ಡಿಡಿಎಕ್ಸ್4, ಪಿಆರ್‌ಎಂ1 ಜೀನ್‌ಗಳ ಎಣಿಕೆ ನೋಡಿ. ಅವು ಜೋರಾಗಿದ್ದರೆ ವೀರ್ಯಾಣು ತಯಾರಿಸುವ ಕೋಶಗಳು ಇವೆ, ಸ್ಯಾಂಪಲ್ ಸರಿಯಿದೆ. ತಪ್ಪಿರುವುದು ಎಣಿಕೆಯಲ್ಲಿ.

1997ರಲ್ಲಿ ಸಂಶೋಧಕರಾದ ಲಾನ್ ಮತ್ತು ಪೇಜ್ ವೈ ಜೀನ್‌ಗಳ ನಡುವೆ ತೋರಿಸಿದ ಗೆರೆ ನಿಮ್ಮ ಡೇಟಾದಲ್ಲೇ ಎದ್ದು ಕಾಣುತ್ತಿದೆ: ಎಕ್ಸ್ ಮೇಲೆ ಜೋಡಿ ಇರುವ, ಒಂದೇ ಪ್ರತಿಯ ಜೀನ್‌ಗಳು ದೇಹದ ಎಲ್ಲೆಡೆ ಕೆಲಸ ಮಾಡುತ್ತವೆ, ವೃಷಣಕ್ಕೇ ಮೀಸಲಾದವು ಹಲವು ಪ್ರತಿಗಳಲ್ಲಿವೆ. 2003ರ ವೈ ಅನುಕ್ರಮದಲ್ಲಿ ಇಂಥ ಹಲವು ಪ್ರತಿಯ ಒಂಬತ್ತು ಜೀನ್ ಕುಟುಂಬಗಳು ಸಿಕ್ಕವು. ವೈ ಮೇಲಿನ ಎಂಟು ಪ್ಯಾಲಿಂಡ್ರೋಮ್‌ಗಳ (ಒಂದೇ ಅನುಕ್ರಮ ತಿರುಗುಮುರುಗಾಗಿ ಎರಡು ಸಲ ಬರುವ ಭಾಗಗಳು) ಎರಡು ತೋಳುಗಳು 99.97% ಒಂದೇ, ಅಂದರೆ ಹತ್ತು ಸಾವಿರ ಅಕ್ಷರಕ್ಕೆ ಸುಮಾರು ಮೂರು ವ್ಯತ್ಯಾಸ. 100 ಅಕ್ಷರದ ರೀಡ್‌ಗೆ ಡ್ಯಾಝ್‌ನ ನಾಲ್ಕು ಪ್ರತಿಗಳಲ್ಲಿ ತಾನು ಯಾವುದರದ್ದು ಅಂತ ಹೇಗೆ ಗೊತ್ತಾಗಬೇಕು? ಹಲವು ಕಡೆ ಕೂರುವ ರೀಡನ್ನು ಫೀಚರ್‌ಕೌಂಟ್ಸ್ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹತ್ತಕ್ಕಿಂತ ಹೆಚ್ಚು ಕಡೆ ಕೂತರೆ ಸ್ಟಾರ್ ಮೊದಲೇ ಬಿಟ್ಟುಬಿಡುತ್ತದೆ. ಟಿಎಸ್‌ಪಿವೈ ಹೋಗುವುದು ಹೀಗೂ ಇರಬಹುದು.

ಸ್ಟಾರ್‌ನ ಮಲ್ಟಿಮ್ಯಾಪ್ ಮಿತಿಯನ್ನು, ಅಂದರೆ ಒಂದು ರೀಡ್ ಎಷ್ಟು ಕಡೆ ಕೂರಬಹುದು ಅನ್ನುವುದನ್ನು, 100ಕ್ಕೆ ಏರಿಸಿ. ಫೀಚರ್‌ಕೌಂಟ್ಸ್‌ಗೆ ಮಲ್ಟಿಮ್ಯಾಪ್ ಎಣಿಸು, ಭಾಗಶಃ ಹಂಚು ಅನ್ನುವ ಎರಡೂ ಆಯ್ಕೆ ಕೊಡಿ. ಆಮೇಲೆ ಇಡೀ ಕುಟುಂಬವನ್ನು ಒಂದೇ ಸಾಲಾಗಿ ಕೂಡಿಸಿ. ಡ್ಯಾಝ್1, ಡ್ಯಾಝ್2 ಅಂತ ಬೇರೆ ಬೇರೆ ಅಂಕಿ ಬರೆದರೆ ಅದಕ್ಕೆ ಬೆಲೆಯಿಲ್ಲ.

ಉತ್ತರ 2
ಮೇಲಿನದಕ್ಕೆ ಒಂದು ಎಚ್ಚರಿಕೆ. ಮಿತಿ ಸಡಿಲಿಸಿದಾಗ ಬೇರೆ ವರ್ಣತಂತುಗಳ ನೆಂಟರೂ ಒಳಗೆ ಬರುತ್ತಾರೆ: 3ರ ಮೇಲೆ ಡ್ಯಾಝ್‌ನ ನೆಂಟ ಡ್ಯಾಝ್‌ಎಲ್, 6ರ ಮೇಲೆ ವೈನ ಇನ್ನೊಂದು ವೃಷಣದ ಜೀನ್ ಸಿಡಿವೈನ ನೆಂಟ ಸಿಡಿವೈಎಲ್. ಹೆಣ್ಣಿನ ಅಂಗಾಂಶದ ಡೇಟಾವನ್ನೂ ಇದೇ ದಾರಿಯಲ್ಲಿ ಓಡಿಸಿ. ಅಲ್ಲಿ ವೈ ಮೇಲೆ ಬಿದ್ದದ್ದೆಲ್ಲ ಸುಳ್ಳು. ಎಕ್ಸ್ ಜೊತೆ ಹಂಚಿಕೊಂಡ ತುದಿಗಳನ್ನು ವೈ ಮೇಲೆ ಎನ್‌ಗಳಿಂದ (ಗೊತ್ತಿಲ್ಲದ ಅಕ್ಷರದ ಗುರುತು) ಮುಚ್ಚಿ. ಜಿಆರ್‌ಸಿಎಚ್38 ರೆಫರೆನ್ಸ್ ಜೀನೋಮ್‌ನಲ್ಲಿ ಮೊದಲ ತುದಿ 10,001ರಿಂದ 2,781,479ರವರೆಗೆ.

ಉತ್ತರ 3
ಪ್ರಯೋಗಾಲಯದ ಬೆಂಚಿನಲ್ಲಿ ಆರ್‌ಟಿ-ಪಿಸಿಆರ್‌ನಿಂದ (ಆರ್‌ಎನ್‌ಎಯನ್ನು ಡಿಎನ್‌ಎ ಮಾಡಿ ಹೆಚ್ಚಿಸುವುದು) ಖಚಿತಪಡಿಸುವಾಗ ಕೈಕೊಡುವುದು ಸಿಡಿವೈ. ಅದು ಸಂದೇಶ ಆರ್‌ಎನ್‌ಎಯಿಂದ ಮರಳಿ ಜೀನೋಮ್‌ಗೆ ಸೇರಿದ ಪ್ರತಿ, ಇಂಟ್ರಾನ್ (ಸಂದೇಶದಿಂದ ಕತ್ತರಿಸಿಹೋಗುವ ನಡುವಿನ ತುಂಡು) ಇಲ್ಲದ ಪಾಲೇ ಹೆಚ್ಚು. ಉಳಿದುಕೊಂಡ ಡಿಎನ್‌ಎ ಕೂಡ ಅದೇ ಅಳತೆಯ ಬ್ಯಾಂಡ್ ಕೊಡುತ್ತದೆ. 1 ಮೈಕ್ರೋಗ್ರಾಂ ಆರ್‌ಎನ್‌ಎಗೆ 1 ಯೂನಿಟ್ ಡಿಎನ್‌ಏಸ್, 37 ಡಿಗ್ರಿಯಲ್ಲಿ 30 ನಿಮಿಷ. ಇಡಿಟಿಎ ಹಾಕಿ 65 ಡಿಗ್ರಿಯಲ್ಲಿ 10 ನಿಮಿಷ. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಹಾಕದ ಟ್ಯೂಬ್ ಪಕ್ಕದಲ್ಲಿರಲೇಬೇಕು. ಅದರಲ್ಲೂ ಬ್ಯಾಂಡ್ ಬಂದರೆ ಆ ಫಲಿತಾಂಶ ಬಿಡಿ. ಟಿಎಸ್‌ಪಿವೈಗೆ ಇಂಟ್ರಾನ್ ಇವೆ, ಪ್ರೈಮರ್‌ಗಳನ್ನು ಅದರ ಆಚೀಚೆ ಕೂರಿಸಿದರೆ ಸಾಕು. "ವೃಷಣದಲ್ಲಿ ಮಾತ್ರ" ಅನ್ನಬೇಕಾದರೆ ಗಂಡಸಿನ ಯಕೃತ್ತು, ಮೂತ್ರಪಿಂಡ, ಮಿದುಳಿನ ಆರ್‌ಎನ್‌ಎಯೂ ಅದೇ ಜೆಲ್‌ನಲ್ಲಿ ಓಡಬೇಕು.

ಪ್ರಶ್ನೆ ಕೇಳಿದವರು
ಡಿಡಿಎಕ್ಸ್4, ಪಿಆರ್‌ಎಂ1 ಎರಡೂ ಜೋರಾಗಿವೆ. ರೆಫರೆನ್ಸ್ ಟಿ2ಟಿಗೆ ಬದಲಿಸಲಾ?

ಉತ್ತರ 1
ಬದಲಿಸಿ. 2023ರ ಆ ವೈ 62,460,029 ಅಕ್ಷರ, ತುದಿಯಿಂದ ತುದಿಗೆ ಪೂರ್ತಿ. ಹೊಸದಾಗಿ ಸೇರಿದ 41 ಪ್ರೋಟೀನ್ ಜೀನ್‌ಗಳಲ್ಲಿ ಹೆಚ್ಚಿನವು ಟಿಎಸ್‌ಪಿವೈ. ಹಾಗಾಗಿ ಅಲ್ಲಿ ಮಲ್ಟಿಮ್ಯಾಪ್ ಮಿತಿ 10ರಲ್ಲೇ ಇದ್ದರೆ ಸೊನ್ನೆ ಇನ್ನೂ ಗಟ್ಟಿಯಾಗುತ್ತದೆ.