ವಿಟಲ್‌ಸೀ ಕೌನ್ಸಿಲ್ ಚುನಾವಣೆ: ಆಡಳಿತಾಧಿಕಾರಿಗಳ ಅವಧಿ ಮುಗಿಯುತ್ತಿರುವಾಗ ಕೆಲವು ಪ್ರಶ್ನೆಗಳು

ಪ್ರಶ್ನೆ: ಕಾವೇರಿಮನೆ (ಜುಲೈ 2024)

ಎಲ್ಲರಿಗೂ ನಮಸ್ಕಾರ. ಮೆಲ್ಬರ್ನ್ ಉತ್ತರದ ಮರ್ನ್ಡಾದಲ್ಲಿ ನಾವು ಮನೆ ಕೊಂಡು ವಾಸವಾಗಿದ್ದೇವೆ. ನಮ್ಮ ವಿಟಲ್‌ಸೀ ನಗರ ಕೌನ್ಸಿಲ್‌ಗೆ ಬರುವ ಅಕ್ಟೋಬರ್‌ನಲ್ಲಿ ಚುನಾವಣೆ ನಡೆಯಲಿದೆ ಎಂದು ತಿಳಿಯಿತು. ಇಲ್ಲಿ ಕಳೆದ ಸಲ ಕೌನ್ಸಿಲರುಗಳನ್ನು ಆರಿಸಿದ್ದು 2016ರಲ್ಲಿ. ಆ ಕೌನ್ಸಿಲನ್ನು 2020ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ವಜಾ ಮಾಡಿತು. ಅಂದಿನಿಂದ ನೇಮಕಗೊಂಡ ಆಡಳಿತಾಧಿಕಾರಿಗಳೇ ಎಲ್ಲ ತೀರ್ಮಾನಗಳನ್ನೂ ತೆಗೆದುಕೊಳ್ಳುತ್ತಿದ್ದಾರೆ. ನಾವು ಮರ್ನ್ಡಾಕ್ಕೆ ಬಂದದ್ದು ಆಮೇಲೆ. ಹಾಗಾಗಿ ನಮ್ಮ ಬೀದಿಯನ್ನು ಪ್ರತಿನಿಧಿಸುವ ಒಬ್ಬ ಕೌನ್ಸಿಲರನ್ನು ನಾನು ಈವರೆಗೆ ಕಂಡೇ ಇಲ್ಲ.

ನಿಜ ಹೇಳಬೇಕೆಂದರೆ ಈ ಅವಧಿಯಲ್ಲಿ ಏನೋ ದೊಡ್ಡ ಕೊರತೆಯಾಯಿತು ಎಂದು ನನಗೆ ಅನಿಸಿಲ್ಲ. ಕಸದ ಬಿನ್‌ಗಳು ಸಮಯಕ್ಕೆ ಸರಿಯಾಗಿ ಖಾಲಿಯಾಗುತ್ತವೆ, ಮಗುವಿನ ತೂಕ ನೋಡುವ ತಾಯಿ-ಮಗು ಆರೋಗ್ಯ ಕೇಂದ್ರ ಅಚ್ಚುಕಟ್ಟಾಗಿದೆ, ಉದ್ಯಾನಗಳು ಚೆನ್ನಾಗಿವೆ. ಆದರೂ ಬೆಂಗಳೂರಿನಲ್ಲಿರುವ ನನ್ನ ತಂದೆಯವರೊಡನೆ ಮಾತನಾಡುವಾಗ ಈ ವಿಷಯ ಮನಸ್ಸನ್ನು ಕೊರೆಯುತ್ತದೆ. ಅಲ್ಲಿಯೂ 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿದ ನಂತರ ಚುನಾವಣೆಯೇ ಆಗಿಲ್ಲ, ಆಡಳಿತಾಧಿಕಾರಿಯ ಕೈಯಲ್ಲೇ ನಗರವಿದೆ. ಒಂದೇ ವರ್ಷದಲ್ಲಿ ಎರಡೂ ಕಡೆ ನಮ್ಮ ಕುಟುಂಬಕ್ಕೆ ಸ್ಥಳೀಯ ಪ್ರತಿನಿಧಿ ಇಲ್ಲದಂತಾಯಿತು.

ತಿಳಿದವರಲ್ಲಿ ನನ್ನ ಪ್ರಶ್ನೆಗಳು ಇವು. ಜನರು ಆರಿಸಿದ ಇಡೀ ಕೌನ್ಸಿಲನ್ನು ಮನೆಗೆ ಕಳುಹಿಸಲು ಇಲ್ಲಿನ ಸರ್ಕಾರಕ್ಕೆ ಅಧಿಕಾರ ಎಲ್ಲಿಂದ ಬಂತು, ಮತ್ತು ವಿಟಲ್‌ಸೀಯಲ್ಲಿ ಅಂಥದ್ದೇನು ನಡೆದಿತ್ತು? ನಾನು ಆಸ್ಟ್ರೇಲಿಯಾದ ಪ್ರಜೆ, ನನ್ನ ಯಜಮಾನರು ಇನ್ನೂ ಕಾಯಂ ನಿವಾಸಿ ವೀಸಾದಲ್ಲಿದ್ದಾರೆ, ಮನೆ ಇಬ್ಬರ ಹೆಸರಿನಲ್ಲೂ ಇದೆ. ಅವರಿಗೆ ಮತ ಹಾಕಲು ಅವಕಾಶವಿದೆಯೇ? ಎಲ್ಲವೂ ಸರಾಗವಾಗಿ ನಡೆಯುತ್ತಿರುವಾಗ ಈ ಚುನಾವಣೆಯನ್ನು ನಾವು ಎಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕು?

ಉತ್ತರ 1: ಪ್ಲೆಂಟಿ ದಂಡೆ

ನಿಮ್ಮ ಎರಡನೆಯ ಪ್ರಶ್ನೆಗೆ ಗಡುವು ಇರುವುದರಿಂದ ಅದನ್ನೇ ಮೊದಲು ಹೇಳುತ್ತೇನೆ. ನಿಮ್ಮ ಯಜಮಾನರು ಮತ ಹಾಕಬಹುದು, ಆದರೆ ತಾವಾಗಿ ಅರ್ಜಿ ಸಲ್ಲಿಸಬೇಕು. ರಾಜ್ಯದ ಮತದಾರರ ಪಟ್ಟಿಯಲ್ಲಿ ಸಾಮಾನ್ಯವಾಗಿ ಪ್ರಜೆಗಳ ಹೆಸರು ಮಾತ್ರ ಇರುತ್ತದೆ, ಮತ್ತು ಆ ಪಟ್ಟಿಯಲ್ಲಿರುವವರು ತಾನಾಗಿಯೇ ಕೌನ್ಸಿಲ್ ಪಟ್ಟಿಗೂ ಸೇರುತ್ತಾರೆ. ಪ್ರಜೆಯಲ್ಲದಿದ್ದರೂ ಕೌನ್ಸಿಲ್ ವ್ಯಾಪ್ತಿಯಲ್ಲೇ ವಾಸವಿದ್ದು, ತಾವಿರುವ ಮನೆಗೆ ರೇಟ್ಸ್ (ಕೌನ್ಸಿಲ್‌ನ ಆಸ್ತಿ ತೆರಿಗೆ) ಕಟ್ಟುವ, 18 ತುಂಬಿದವರು ಕೌನ್ಸಿಲ್ ಕಚೇರಿಗೆ ಅರ್ಜಿ ಕೊಟ್ಟು ಹೆಸರು ಸೇರಿಸಿಕೊಳ್ಳಬಹುದು. ಪಟ್ಟಿ ಮುಚ್ಚುವುದು ಆಗಸ್ಟ್ 7, ಬುಧವಾರ, ಸಂಜೆ 4 ಗಂಟೆಗೆ. ಅದಾದ ಮೇಲೆ ಯಾರು ಏನು ಕೇಳಿಕೊಂಡರೂ ಪ್ರಯೋಜನವಿಲ್ಲ. ನಮ್ಮ ಕನ್ನಡ ಕುಟುಂಬಗಳಲ್ಲಿ ಒಬ್ಬರು ಪೌರತ್ವ ಪಡೆದು ಇನ್ನೊಬ್ಬರು ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿರುವುದು ಬಹಳ ಸಾಮಾನ್ಯ. ಅಂಥವರಲ್ಲಿ ಹೆಚ್ಚಿನವರಿಗೆ ಈ ಹಕ್ಕು ಇರುವುದೇ ತಿಳಿದಿಲ್ಲ. ದಯವಿಟ್ಟು ಪರಿಚಿತರಿಗೆಲ್ಲ ತಿಳಿಸಿ. ಆದರೆ ಅಭ್ಯರ್ಥಿಯಾಗಲು ಪೌರತ್ವ ಬೇಕೇ ಬೇಕು.

ಇನ್ನು ಅಧಿಕಾರದ ಪ್ರಶ್ನೆ. ಆಸ್ಟ್ರೇಲಿಯಾದ ಒಕ್ಕೂಟ ಸಂವಿಧಾನದಲ್ಲಿ ಸ್ಥಳೀಯ ಸರ್ಕಾರದ ಪ್ರಸ್ತಾಪವೇ ಇಲ್ಲ. ಅದನ್ನು ಸೇರಿಸಲು 1974ರಲ್ಲಿಯೂ 1988ರಲ್ಲಿಯೂ ಜನಮತಗಣನೆ ನಡೆದು ಎರಡು ಸಲವೂ ಸೋತಿತು. ಹಾಗಾಗಿ ಕೌನ್ಸಿಲ್‌ಗಳು ಪೂರ್ತಿಯಾಗಿ ರಾಜ್ಯದ ಶಾಸನಗಳ ಆಸರೆಯಲ್ಲಿವೆ. ಆದರೆ ವಿಕ್ಟೋರಿಯಾ ರಾಜ್ಯದ ಸಂವಿಧಾನ ಶಾಸನ ಒಂದು ಮುಖ್ಯವಾದ ಕಟ್ಟು ಹಾಕಿದೆ: ಒಂದು ಕೌನ್ಸಿಲನ್ನು ವಜಾ ಮಾಡಬೇಕಾದರೆ ಆ ಕೌನ್ಸಿಲ್‌ಗೆಂದೇ ಸಂಸತ್ತು ಪ್ರತ್ಯೇಕ ಕಾಯ್ದೆ ಮಾಡಬೇಕು. ಸಚಿವರೊಬ್ಬರ ಸಹಿಯಿಂದ ಅದು ಆಗುವ ಕೆಲಸವಲ್ಲ. ವಿಟಲ್‌ಸೀಗೂ 2020ರಲ್ಲಿ ಹಾಗೆಯೇ ಒಂದು ಕಾಯ್ದೆ ಬಂತು.

ಕಾರಣವನ್ನು ಕೇಳಿದ್ದೀರಿ. ಸರ್ಕಾರ ನೇಮಿಸಿದ್ದ ಪರಿವೀಕ್ಷಕ ಯೆಹೂದಿ ಬ್ಲೇಕರ್ ಅವರ ವರದಿಯ ಮೇಲೆ ಆ ಕ್ರಮ ನಡೆಯಿತು. ಕೌನ್ಸಿಲರುಗಳ ನಡುವಿನ ಗುಂಪುಗಾರಿಕೆ, ಕಚೇರಿಯ ಆಡಳಿತದೊಡನೆ ಹದಗೆಟ್ಟ ಸಂಬಂಧ, ಮುಖ್ಯ ಕಾರ್ಯನಿರ್ವಾಹಕರ ಸ್ಥಾನದಲ್ಲಿ ನೆಲೆಯಿಲ್ಲದ ಸ್ಥಿತಿ, ಇವು ಮುಖ್ಯ ದೋಷಗಳಾಗಿದ್ದವು. ಅದೇ ವರ್ಷ ವಜಾ ಆದ, ಮೆಲ್ಬರ್ನ್‌ನ ಇನ್ನೊಂದು ಭಾಗದ ಕೇಸಿ ಕೌನ್ಸಿಲ್‌ನ ಕಥೆ ಬೇರೆ. ಅಲ್ಲಿ ಭೂ ಅಭಿವೃದ್ಧಿಯ ತೀರ್ಮಾನಗಳ ಬಗ್ಗೆ ಭ್ರಷ್ಟಾಚಾರ ನಿಗ್ರಹ ಆಯೋಗದ ತನಿಖೆ ನಡೆದಿತ್ತು. ಇವೆರಡನ್ನೂ ಒಟ್ಟಿಗೆ ಸೇರಿಸಿ ಮಾತನಾಡುವವರನ್ನು ಕಾಣುತ್ತೇನೆ, ಅದು ವಿಟಲ್‌ಸೀಯ ಹಳೆಯ ಕೌನ್ಸಿಲರುಗಳಿಗೆ ಮಾಡುವ ಅನ್ಯಾಯ. ಅವರು ಮತ್ತೆ ಸ್ಪರ್ಧಿಸಲು ಯಾವ ಅಡ್ಡಿಯೂ ಇಲ್ಲ ಎಂಬುದನ್ನೂ ನೆನಪಿನಲ್ಲಿಡಿ.

ಉತ್ತರ 2: ಎಪ್ಪಿಂಗ್ ವಾಸಿ

ಮೇಲಿನ ವಿವರಗಳಿಗೆ ಧನ್ಯವಾದ. ಆದರೆ ಆಡಳಿತಾಧಿಕಾರಿಗಳ ಅವಧಿಯನ್ನು ಒಂದು ಶೂನ್ಯಕಾಲದಂತೆ ನೋಡುವುದನ್ನು ನಾನು ಒಪ್ಪಲಾರೆ. ನಾನು ಇಲ್ಲಿ 2016ಕ್ಕಿಂತ ಮೊದಲಿನಿಂದ ಇದ್ದೇನೆ, ಆ ಕೌನ್ಸಿಲ್‌ನ ಕೊನೆಯ ದಿನಗಳ ಜಗಳಗಳನ್ನು ಸ್ಥಳೀಯ ಪತ್ರಿಕೆಗಳಲ್ಲಿ ಓದಿ ಬೇಸತ್ತವನು. ಲಿಡಿಯಾ ವಿಲ್ಸನ್ ಅವರ ಅಧ್ಯಕ್ಷತೆಯ ಮೂವರ ಮಂಡಳಿ ಕೋವಿಡ್‌ನ ಕಠಿಣ ತಿಂಗಳುಗಳಲ್ಲಿ ಕೆಲಸ ವಹಿಸಿಕೊಂಡಿತು, ಸಭೆಗಳನ್ನು ಸಾರ್ವಜನಿಕವಾಗಿಯೇ ನಡೆಸಿತು, ಯಾರ ಮೇಲೆ ಯಾರಿಗೆ ಸಿಟ್ಟು ಎಂಬ ಸುದ್ದಿ ಅಲ್ಲಿಂದ ಬರಲಿಲ್ಲ. ರೇಟ್ಸ್ ಏರಿಕೆಗೆ ರಾಜ್ಯ ಸರ್ಕಾರವೇ ಮಿತಿ ಹಾಕುತ್ತದೆ, 2024-25ರ ಆರ್ಥಿಕ ವರ್ಷಕ್ಕೆ ಅದು ಶೇ. 2.75. ಅಂದಮೇಲೆ ಹೊಸ ಕೌನ್ಸಿಲರುಗಳು ಬಂದರೂ ಹಣದ ವಿಷಯದಲ್ಲಿ ಅವರಿಗಿರುವ ಸ್ವಾತಂತ್ರ್ಯ ಅಷ್ಟಕ್ಕಷ್ಟೆ.

2021ರ ಜನಗಣತಿಯ ಪ್ರಕಾರ ಸುಮಾರು 2,30,000 ಜನರಿರುವ, ವರ್ಷವರ್ಷವೂ ಹೊಸ ಬಡಾವಣೆಗಳು ಏಳುತ್ತಿರುವ ಪ್ರದೇಶ ಇದು. ಇಂಥ ಕಡೆ ಅನುಭವಿಗಳು ಶಾಂತವಾಗಿ ಕೆಲಸ ಮಾಡಿದರೆ ಅದರಲ್ಲಿ ತಪ್ಪೇನು? ಹನ್ನೊಂದು ಜನ ಕೌನ್ಸಿಲರುಗಳು ಮತ್ತೆ ಬಂದು ಕುಳಿತು ಮತ್ತೆ ಒಬ್ಬರ ಮೇಲೊಬ್ಬರು ದೂರು ಕೊಡತೊಡಗಿದರೆ ಹೊಣೆ ಯಾರದು ಎಂಬ ಆತಂಕ ನನಗಿದೆ.

ಉತ್ತರ 3: ಹಸಿರುಬಯಲು

ಎಪ್ಪಿಂಗ್ ವಾಸಿಯವರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ, ಮತ್ತು ಆಡಳಿತಾಧಿಕಾರಿಗಳು ನಿಷ್ಠೆಯಿಂದ ದುಡಿದರು ಎಂಬುದನ್ನೂ ಒಪ್ಪುತ್ತೇನೆ. ಆದರೆ ಕೆಲಸ ಚೆನ್ನಾಗಿ ನಡೆಯುವುದು ಒಂದು ಮಾತು, ಅದು ನಡೆಯದಿದ್ದಾಗ ಯಾರನ್ನು ಕೇಳಬೇಕು ಎಂಬುದು ಇನ್ನೊಂದು ಮಾತು. ಆಡಳಿತಾಧಿಕಾರಿಗಳಿಗೆ ಕೌನ್ಸಿಲ್‌ನ ಎಲ್ಲ ಅಧಿಕಾರವೂ ಇದೆ, ಆದರೆ ಅವರು ಉತ್ತರ ಹೇಳಬೇಕಾದದ್ದು ನೇಮಿಸಿದ ಸರ್ಕಾರಕ್ಕೆ. ಸ್ಥಳೀಯರ ಹಿತ ಮತ್ತು ರಾಜ್ಯದ ಇಚ್ಛೆ ಒಂದೇ ದಿಕ್ಕಿನಲ್ಲಿರುವಷ್ಟು ದಿನ ಈ ಕೊರತೆ ಕಾಣುವುದಿಲ್ಲ. ಅವು ಬೇರೆಯಾದ ದಿನ ಕಾಣುತ್ತದೆ.

ನಮ್ಮ ಕೌನ್ಸಿಲ್ ವ್ಯಾಪ್ತಿಯದೇ ಆದ ವೊಲ್ಲರ್ಟ್ ಬಡಾವಣೆಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಅಲ್ಲಿ ಕಸವನ್ನು ಉರಿಸಿ ವಿದ್ಯುತ್ ತಯಾರಿಸುವ ಘಟಕವೊಂದರ ಪ್ರಸ್ತಾವ ಇದೆ, ಅದಕ್ಕೆ ನಿವಾಸಿಗಳ ವಿರೋಧವೂ ಇದೆ. ಅನುಮತಿಗಳು ಮುಖ್ಯವಾಗಿ ರಾಜ್ಯಮಟ್ಟದ ಸಂಸ್ಥೆಗಳ ಕೈಯಲ್ಲಿರುವುದರಿಂದ ಕೌನ್ಸಿಲ್ ತಾನೊಂದೇ ಅದನ್ನು ತಡೆಯಲೂ ಆಗದು, ತರಲೂ ಆಗದು. ಆದರೂ ಆ ಭಾಗದ ಜನರಿಂದ ಆರಿಸಿ ಬಂದ ಒಬ್ಬ ವ್ಯಕ್ತಿ ಸಭೆಯಲ್ಲಿ ಎದ್ದು ನಿಂತು ಪರವಾಗಿಯೋ ವಿರೋಧವಾಗಿಯೋ ತನ್ನ ಹೆಸರಿನಲ್ಲಿ ಮತ ದಾಖಲಿಸುವುದಕ್ಕೂ, ಸರ್ಕಾರ ನೇಮಿಸಿದ ಮಂಡಳಿ ಅದೇ ಸರ್ಕಾರಕ್ಕೆ ಪತ್ರ ಬರೆಯುವುದಕ್ಕೂ ವ್ಯತ್ಯಾಸವಿದೆ. ಮರ್ನ್ಡಾಕ್ಕೆ 2018ರಲ್ಲಿ ರೈಲು ಬಂತು, ವೊಲ್ಲರ್ಟ್‌ಗೆ ಇನ್ನೂ ಬಂದಿಲ್ಲ. ಅದಕ್ಕಾಗಿ ರಾಜ್ಯವನ್ನು ಬಿಡದೆ ಒತ್ತಾಯಿಸಬೇಕಾದವರು ಯಾರು? ಅದನ್ನು ನೇಮಕದವರಿಂದ ನಿರೀಕ್ಷಿಸುವುದು ಕಷ್ಟ.

ಕಾವೇರಿಮನೆಯವರು ಬೆಂಗಳೂರನ್ನು ಎತ್ತಿದ್ದು ಬಹಳ ಸರಿಯಾಯಿತು, ಏಕೆಂದರೆ ಎರಡು ನಗರಗಳ ನಡುವಿನ ಒಂದು ವ್ಯತ್ಯಾಸ ನನ್ನನ್ನು ಬಹಳ ಕಾಡಿದೆ. ಭಾರತದ ಸಂವಿಧಾನದ 243ಯು ವಿಧಿ ನಗರಾಡಳಿತಕ್ಕೆ ಐದು ವರ್ಷದ ಅವಧಿಯನ್ನು ನಿಗದಿ ಮಾಡಿ, ಅದು ಮುಗಿಯುವ ಮೊದಲೇ, ವಿಸರ್ಜನೆಯಾದರೆ ಆರು ತಿಂಗಳೊಳಗೆ, ಚುನಾವಣೆ ಮುಗಿಸಬೇಕೆಂದು ಸ್ಪಷ್ಟವಾಗಿ ಹೇಳುತ್ತದೆ. ಆಸ್ಟ್ರೇಲಿಯಾದ ಸಂವಿಧಾನದಲ್ಲಿ ಅಂಥ ಒಂದು ಸಾಲೂ ಇಲ್ಲ. ಆದರೆ ವಿಟಲ್‌ಸೀ ಕೌನ್ಸಿಲನ್ನು ವಜಾ ಮಾಡಿದ ಕಾಯ್ದೆಯಲ್ಲೇ ಮುಂದಿನ ಚುನಾವಣೆ 2024ರ ಅಕ್ಟೋಬರ್ ಎಂದು ಬರೆದಿತ್ತು, ಅದರಂತೆ ಚುನಾವಣೆ ನಡೆಯುತ್ತಿದೆ. ಬೆಂಗಳೂರಿನಲ್ಲಿ 2015ರ ಆಗಸ್ಟ್‌ನಲ್ಲಿ 198 ವಾರ್ಡ್‌ಗಳಿಗೆ ನಡೆದದ್ದೇ ಕೊನೆಯ ಚುನಾವಣೆ. ವಾರ್ಡ್‌ಗಳ ಮರುವಿಂಗಡಣೆ, ಮೀಸಲಾತಿ, ನ್ಯಾಯಾಲಯದ ವ್ಯಾಜ್ಯ ಎಂದು ದಿನ ಮುಂದೆ ಹೋಗುತ್ತಲೇ ಇದೆ. ನಾಲ್ಕೂವರೆ ವರ್ಷ ಇಲ್ಲಿಯೂ ದೀರ್ಘವೇ ಆಯಿತು ಎಂಬುದು ನನ್ನ ಅಭಿಪ್ರಾಯ; ಇದೇ ರಾಜ್ಯದ ಸೌತ್ ಗಿಪ್ಸ್‌ಲ್ಯಾಂಡ್ ಕೌನ್ಸಿಲ್ 2019ರಲ್ಲಿ ವಜಾ ಆಗಿ 2021ರಲ್ಲೇ ಚುನಾವಣೆ ಕಂಡಿತು. ಆದರೆ ಮುಗಿಯುವ ದಿನ ಮೊದಲೇ ಗೊತ್ತಿದ್ದ ಆಡಳಿತಾಧಿಕಾರವನ್ನು ಸಹಿಸಬಹುದು. ಕೊನೆಯ ದಿನವೇ ಇಲ್ಲದ್ದನ್ನು ಸಹಿಸಬಾರದು.

ಮತ್ತೆ ಜಗಳವಾದರೆ ಎಂಬ ಪ್ರಶ್ನೆಗೂ ಒಂದು ಮಾತು. ಕಳೆದ ತಿಂಗಳು ರಾಜ್ಯದ ಸಂಸತ್ತು ಸ್ಥಳೀಯ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದಿದೆ. ಕೌನ್ಸಿಲರುಗಳಿಗೆ ಕಡ್ಡಾಯ ತರಬೇತಿ, ರಾಜ್ಯಕ್ಕೆಲ್ಲ ಒಂದೇ ಮಾದರಿ ನಡತೆ ಸಂಹಿತೆ, ತಪ್ಪು ಮಾಡಿದ ಒಬ್ಬ ಕೌನ್ಸಿಲರನ್ನು ಮಾತ್ರ ಅಮಾನತು ಮಾಡುವ ಅಧಿಕಾರ, ಇವೆಲ್ಲ ಅದರಲ್ಲಿವೆ. ಒಬ್ಬಿಬ್ಬರ ನಡತೆಗಾಗಿ ಎರಡು ಲಕ್ಷಕ್ಕೂ ಮೀರಿದ ಜನರ ಪ್ರಾತಿನಿಧ್ಯವನ್ನೇ ಕಿತ್ತುಕೊಳ್ಳುವ ಸಂದರ್ಭ ಇದರಿಂದ ಕಡಿಮೆಯಾಗಬಹುದು.

ಮರುಪ್ರಶ್ನೆ: ಕಾವೇರಿಮನೆ

ತಮ್ಮೆಲ್ಲರ ಉತ್ತರಗಳಿಗೆ ಹೃತ್ಪೂರ್ವಕ ಧನ್ಯವಾದಗಳು. ಯಜಮಾನರ ಅರ್ಜಿಯನ್ನು ಈ ವಾರವೇ ಸಲ್ಲಿಸುತ್ತೇವೆ. ಇನ್ನೊಂದು ಸಂದೇಹ ಉಳಿದಿದೆ. ವಾರ್ಡ್‌ಗಳು ಬದಲಾಗಿವೆ ಎಂದು ಕೇಳಿದೆ. ಜೊತೆಗೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ, ಭಾರತೀಯ ಮೂಲದ ಅಭ್ಯರ್ಥಿ ಯಾರೇ ನಿಲ್ಲಲಿ, ನಮ್ಮವರೆಂದು ಅವರಿಗೇ ಹಾಕಬೇಕು, ಉಳಿದವರ ಹೆಸರಿನ ಮುಂದೆ ಏನೂ ಬರೆಯಬೇಡಿ ಎಂಬ ಸಂದೇಶ ಓಡಾಡುತ್ತಿದೆ. ಹಾಗೆ ಮಾಡಬಹುದೇ?

ಉತ್ತರ 4: ಪ್ಲೆಂಟಿ ದಂಡೆ

ದಯವಿಟ್ಟು ಹಾಗೆ ಮಾಡಬೇಡಿ. ಆ ಸಂದೇಶ ಕಳುಹಿಸಿದವರಿಗೂ ತಿಳಿಸಿ, ಏಕೆಂದರೆ ಅದನ್ನು ನಂಬಿದವರ ಮತ ತಿರಸ್ಕೃತವಾಗುತ್ತದೆ. ಇಲ್ಲಿ ಎಲ್ಲ ಅಭ್ಯರ್ಥಿಗಳಿಗೂ 1, 2, 3 ಎಂದು ಆದ್ಯತೆಯ ಕ್ರಮದಲ್ಲಿ ಸಂಖ್ಯೆ ಬರೆಯಬೇಕು.

2016ರಲ್ಲಿ ಮೂರೇ ದೊಡ್ಡ ವಾರ್ಡ್‌ಗಳಿದ್ದು, ಒಂದೊಂದರಿಂದ ಮೂರು ಅಥವಾ ನಾಲ್ವರು ಅನುಪಾತದ ಪ್ರಕಾರ ಆರಿಸಿ ಬರುತ್ತಿದ್ದರು. ನಾಲ್ಕು ಸ್ಥಾನದ ವಾರ್ಡ್‌ನಲ್ಲಿ ಶೇ. 20ಕ್ಕಿಂತ ಒಂದು ಮತ ಹೆಚ್ಚು ಸಿಕ್ಕರೆ ಗೆಲುವು ಖಚಿತವಾಗಿತ್ತು, ಹಾಗಾಗಿ ಊರಿನ ತುಂಬ ಚದುರಿರುವ ಸಮುದಾಯಕ್ಕೂ ಒಂದು ದಾರಿಯಿತ್ತು. ಈಗ ಹನ್ನೊಂದು ವಾರ್ಡ್‌ಗಳು, ಒಂದಕ್ಕೆ ಒಬ್ಬರೇ ಕೌನ್ಸಿಲರು. ಗೆಲ್ಲಲು ಅರ್ಧಕ್ಕಿಂತ ಹೆಚ್ಚು ಮತ ಬೇಕು. ಮೊದಲ ಎಣಿಕೆಯಲ್ಲಿ ಯಾರಿಗೂ ಅದು ಸಿಗದಿದ್ದರೆ ಕೊನೆಯವರನ್ನು ತೆಗೆದು, ಅವರ ಮತಪತ್ರಗಳನ್ನು ಮುಂದಿನ ಆದ್ಯತೆಯಂತೆ ಹಂಚುತ್ತಾರೆ. ಎಂಟೋ ಹತ್ತೋ ಅಭ್ಯರ್ಥಿಗಳು ನಿಂತ ಕಡೆ ಫಲಿತಾಂಶವನ್ನು ನಿರ್ಧರಿಸುವುದು ನಿಮ್ಮ ಎರಡನೆಯ, ಮೂರನೆಯ, ನಾಲ್ಕನೆಯ ಸಂಖ್ಯೆಗಳು. ಅವನ್ನು ಕಣ್ಣು ಮುಚ್ಚಿ ತುಂಬಿಸುವುದೆಂದರೆ ಮತದ ಹೆಚ್ಚಿನ ಶಕ್ತಿಯನ್ನು ಬಿಟ್ಟುಕೊಟ್ಟಂತೆ.

ನಮ್ಮವರು ಎಂಬ ಮಾತಿನ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ಭಾರತೀಯರು ಕೌನ್ಸಿಲ್‌ನಲ್ಲಿರಬೇಕು ಎಂದು ನಾನು ಮನಸಾರೆ ಬಯಸುತ್ತೇನೆ. ಆದರೆ ಹಿಂದಿನ ಕೌನ್ಸಿಲ್ ಮುಳುಗಿದ್ದೇ ಗುಂಪುಗಾರಿಕೆಯಿಂದ. ಹುಟ್ಟಿದ ದೇಶವನ್ನು ನೋಡಿ ಆರಿಸಿ ಕಳುಹಿಸಿದವರು ಆ ಗುಂಪಿಗಷ್ಟೇ ಉತ್ತರ ಹೇಳಿದರೆ ಸಾಕೆಂದು ತಿಳಿಯುವ ಅಪಾಯ ಇದೆ. ಅಭ್ಯರ್ಥಿ ಯಾರೇ ಇರಲಿ, ಹೊಸ ಬಡಾವಣೆಯ ಶಿಶುವಿಹಾರ, ಆಟದ ಮೈದಾನಗಳಿಗೆ ಹಣ ಎಲ್ಲಿಂದ ತರುತ್ತೀರಿ, ಬಜೆಟ್‌ನಲ್ಲಿ ಯಾವುದನ್ನು ಕಡಿಮೆ ಮಾಡುತ್ತೀರಿ, ಕಚೇರಿಯ ಅಧಿಕಾರಿಗಳೊಡನೆ ಭಿನ್ನಾಭಿಪ್ರಾಯ ಬಂದರೆ ಹೇಗೆ ನಡೆದುಕೊಳ್ಳುತ್ತೀರಿ ಎಂದು ಕೇಳಿ. ರಸ್ತೆ ಅಗಲೀಕರಣ, ರೈಲು, ಆಸ್ಪತ್ರೆ ಎಂದು ರಾಜ್ಯದ ಕೆಲಸಗಳನ್ನೇ ತಾನು ಮಾಡಿಕೊಡುವೆನೆನ್ನುವವರಿಗೆ ಕೌನ್ಸಿಲ್‌ನ ಮಿತಿ ತಿಳಿದಿಲ್ಲ ಎಂದೇ ಅರ್ಥ. ನಾಮಪತ್ರ ಸಲ್ಲಿಸಲು ಸೆಪ್ಟೆಂಬರ್ 17ರ ಮಧ್ಯಾಹ್ನ 12 ಕೊನೆ. ಅನಂತರ ಅಭ್ಯರ್ಥಿಗಳ ಹೇಳಿಕೆಗಳನ್ನು ವಿಕ್ಟೋರಿಯಾ ಚುನಾವಣಾ ಆಯೋಗದ ಜಾಲತಾಣದಲ್ಲಿ ಓದಬಹುದು.

ಮತದಾನ ಪೂರ್ತಿ ಅಂಚೆಯಲ್ಲಿ. ಅಕ್ಟೋಬರ್ 7ರಿಂದ ಮತಪತ್ರದ ಕಟ್ಟುಗಳು ಮನೆಗೆ ಬರತೊಡಗುತ್ತವೆ. ತುಂಬಿದ ಲಕೋಟೆಯನ್ನು ಅಕ್ಟೋಬರ್ 25, ಶುಕ್ರವಾರ, ಸಂಜೆ 6 ಗಂಟೆಯೊಳಗೆ ಅಂಚೆ ಪೆಟ್ಟಿಗೆಗೆ ಹಾಕಬೇಕು. ಮತಗಟ್ಟೆ ಎಂಬುದು ಇರುವುದಿಲ್ಲ, ಆದ್ದರಿಂದ 26ರ ಶನಿವಾರ ಶಾಲೆಗೆ ಹೋಗಿ ಹಾಕೋಣ ಎಂದು ಕಾಯಬೇಡಿ. ಲಕೋಟೆಯ ಘೋಷಣೆಗೆ ಸಹಿ ಹಾಕುವುದನ್ನು ಮರೆಯಬೇಡಿ, ಸಹಿ ಇಲ್ಲದಿದ್ದರೆ ಮತ ಎಣಿಕೆಗೆ ಬರುವುದಿಲ್ಲ. ಕಾರಣವಿಲ್ಲದೆ ಮತ ಹಾಕದಿದ್ದರೆ 99 ಡಾಲರ್ ದಂಡ ಇದೆ. ಇತ್ತೀಚೆಗೆ ಮನೆ ಬದಲಾಯಿಸಿದ್ದರೆ ಮೊದಲು ಪಟ್ಟಿಯಲ್ಲಿನ ವಿಳಾಸವನ್ನು ಸರಿಪಡಿಸಿಕೊಳ್ಳಿ, ಅದಕ್ಕೂ ಆಗಸ್ಟ್ 7ರದೇ ಗಡುವು.

ಉತ್ತರ 5: ಎಪ್ಪಿಂಗ್ ವಾಸಿ

ಹಸಿರುಬಯಲು ಅವರು ಹೇಳಿದ ಮುಗಿಯುವ ದಿನದ ವಿಚಾರ ನನ್ನನ್ನು ಯೋಚನೆಗೆ ಹಚ್ಚಿದೆ. ಆತಂಕ ಪೂರ್ತಿ ಹೋಗಿಲ್ಲವಾದರೂ, ಅಭ್ಯರ್ಥಿಗಳ ಹೆಸರು ಪ್ರಕಟವಾದ ಮೇಲೆ ನಮ್ಮ ವಾರ್ಡ್‌ನ ಕನ್ನಡ ಕುಟುಂಬಗಳು ಒಂದು ಸಂಜೆ ಸೇರಿ, ಎಲ್ಲ ಅಭ್ಯರ್ಥಿಗಳನ್ನೂ ಕರೆದು, ಮೇಲಿನ ಪ್ರಶ್ನೆಗಳನ್ನು ಕೇಳುವುದಾದರೆ ಜಾಗದ ವ್ಯವಸ್ಥೆಯನ್ನು ನಾನು ವಹಿಸಿಕೊಳ್ಳುತ್ತೇನೆ. ಆಸಕ್ತರು ಇಲ್ಲಿಯೇ ತಿಳಿಸಿ.