ಲೈಬ್ರೇರಿಯನ್ ಮೇಡಂ ಅವರನ್ನು ಕೇಳಿ: ಭೂಕಂಪದ ನಂತರದ ನೇಪಾಳದ ಬಗ್ಗೆ ಮಂಡ್ಯದಲ್ಲಿ ಕೂತು ಓದೋದು ಹೇಗೆ?

ಪ್ರಶ್ನೆ (ಮಂಡ್ಯ, ಎಂ.ಎ. ವಿದ್ಯಾರ್ಥಿನಿ)

ಮೇಡಂ, ನಮಸ್ಕಾರ. ಸಮಾಜಶಾಸ್ತ್ರದ ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. 2015ರ ಭೂಕಂಪ ಆದಮೇಲೆ ನೇಪಾಳದ ಹಳ್ಳಿಗಳು ಹೇಗೆ ಚೇತರಿಸಿಕೊಂಡವು ಅನ್ನೋದು ನನ್ನ ಪ್ರಾಜೆಕ್ಟ್. ಈ ವಿಷಯ ಹೊಳೆದದ್ದು ನಮ್ಮ ಪಿ.ಜಿ. ವಾಚ್‌ಮನ್ ಅಣ್ಣನಿಂದ. ಎಲ್ಲರೂ ಅವರನ್ನು ಬಹದ್ದೂರ್ ಅಂತ ಕರೆಯುತ್ತಾರೆ, ಅದು ಅವರ ಹೆಸರೇ ಅಲ್ಲವಂತೆ. ಊರು ಸಿಂಧುಪಾಲ್ಚೋಕ್ ಜಿಲ್ಲೆ. ಒಂದು ದಿನ ಗೇಟ್ ಹತ್ತಿರ ಮಾತಾಡುತ್ತಾ, "ಮನೆ ಎದ್ದಿದೆ, ಸಾಲ ಹಾಗೇ ಇದೆ. ಅದಕ್ಕೇ ಇಲ್ಲಿದ್ದೀನಿ" ಅಂದರು.

ಹುಡುಕಲು ಕೂತರೆ ಬರೀ ಟ್ರೆಕ್ಕಿಂಗ್, ಪಶುಪತಿನಾಥ, ನಾಲ್ಕು ದಿನದ ಪ್ಯಾಕೇಜ್ ಟೂರ್. ಎಐ ಚಾಟ್ ಒಂದನ್ನು ಕೇಳಿದೆ. ಹನ್ನೆರಡು ಪುಸ್ತಕದ ಪಟ್ಟಿ ಕೊಟ್ಟಿತು, ಅದರಲ್ಲಿ ಐದು ಎಲ್ಲೂ ಸಿಗುತ್ತಿಲ್ಲ. ಗೈಡ್ ಕೇಳಿದರೆ "ಆನ್‌ಲೈನಲ್ಲಿ ಎಲ್ಲಾ ಇದೆ, ಹುಡುಕಮ್ಮ" ಅಂತಾರೆ. ನೇಪಾಳಕ್ಕೆ ಹೋಗಿ ಬರುವಷ್ಟು ದುಡ್ಡಿಲ್ಲ. ಆರು ವಾರ ಇದೆ. ಎಲ್ಲಿಂದ ಶುರು ಮಾಡಲಿ?

ಉತ್ತರ (ಮೈಸೂರು, ಲೈಬ್ರೇರಿಯನ್)

ಸಿಗದ ಆ ಐದು ಪುಸ್ತಕ ಬಿಟ್ಟುಬಿಡಿ. ಬಹುಶಃ ಅವು ಇಲ್ಲವೇ ಇಲ್ಲ. ನನ್ನ ಮೇಜಿಗೂ ಇಂಥ ಪಟ್ಟಿ ಈಗ ವಾರಕ್ಕೊಂದು ಬರುತ್ತದೆ.

ವಾಚ್‌ಮನ್ ಅಣ್ಣನ ಮಾತು ಇದೆಯಲ್ಲ, ಅದನ್ನೇ ಹಿಡಿದು ಹುಡುಕಿ. ಮನೆ, ಸಾಲ, ವಲಸೆ. ದೇಶದ ಹೆಸರು ಹಾಕಿದರೆ ಪ್ರವಾಸಿಗೆ ಬೇಕಾದ್ದು ಬರುತ್ತದೆ, ಜಿಲ್ಲೆಯ ಹೆಸರು ಹಾಕಿದರೆ ಸಂಶೋಧಕರಿಗೆ ಬೇಕಾದ್ದು. 'ಸಿಂಧುಪಾಲ್ಚೋಕ್' ಜೊತೆ 'ಪುನರ್ನಿರ್ಮಾಣ' ಅಂತ ದೇವನಾಗರಿಯಲ್ಲಿ ಟೈಪ್ ಮಾಡಿ ನೋಡಿ. ನೇಪಾಳಿಯಲ್ಲೂ ಅದೇ ಪದ, 'ಭೂಕಂಪ' ಅನ್ನೋದೂ ಹಾಗೇ. ಶಾಲೆಯಲ್ಲಿ ಕಲಿತ ಹಿಂದಿ ಇಲ್ಲಿ ಅರ್ಧ ದಾರಿ ದಾಟಿಸುತ್ತದೆ.

ಹಿನ್ನೆಲೆ ನಿಮಗೆ ಗೊತ್ತಿರಬಹುದು, ಓದುವ ಉಳಿದವರಿಗಾಗಿ ಎರಡು ಮಾತು. 2015ರ ಏಪ್ರಿಲ್ 25, ಶನಿವಾರ, 7.8 ತೀವ್ರತೆಯ ಕಂಪನ. ಮೇ 12ಕ್ಕೆ ಮತ್ತೊಂದು, 7.3. ಸತ್ತವರು ಸುಮಾರು 9,000, ಅತಿ ಹೆಚ್ಚು ಸಾವು ವಾಚ್‌ಮನ್ ಅಣ್ಣನ ಸಿಂಧುಪಾಲ್ಚೋಕ್‌ನಲ್ಲೇ. ಪೂರ್ತಿ ನೆಲಸಮವಾದ ಮನೆ ಸುಮಾರು 5 ಲಕ್ಷ. ನೇಪಾಳದಲ್ಲಿ ಶನಿವಾರ ರಜೆ, ಶಾಲೆಗಳಲ್ಲಿ ಮಕ್ಕಳಿರಲಿಲ್ಲ. ಬೇರೆ ದಿನವಾಗಿದ್ದರೆ ಲೆಕ್ಕವೇ ಬೇರೆ ಇರುತ್ತಿತ್ತು.

ಆಮೇಲೆ ಪುನರ್ನಿರ್ಮಾಣ ಪ್ರಾಧಿಕಾರ ಬಂತು. ಮನೆ ಕಳೆದುಕೊಂಡವರಿಗೆ 3 ಲಕ್ಷ ನೇಪಾಳಿ ರೂಪಾಯಿ, ಮೂರು ಕಂತಿನಲ್ಲಿ: ಮೊದಲು 50 ಸಾವಿರ, ಅಡಿಪಾಯ ಎದ್ದಮೇಲೆ ಒಂದೂವರೆ ಲಕ್ಷ, ಕೊನೆಗೆ 1 ಲಕ್ಷ. ಎರಡನೇ, ಮೂರನೇ ಕಂತಿಗೆ ಇಂಜಿನಿಯರ್ ಬಂದು ನೋಡಬೇಕು. ಮೊದಲ ಕಂತಿಗೇ ಜಮೀನಿನ ಕಾಗದ ಬೇಕು, ಅದಕ್ಕೆ ಅಲ್ಲಿ ಲಾಲ್‌ಪುರ್ಜಾ ಅನ್ನುತ್ತಾರೆ. ನಮ್ಮ ಕಡೆ ಪಹಣಿ ತಾತನ ಹೆಸರಲ್ಲೇ ಉಳಿದು ಮೊಮ್ಮಕ್ಕಳು ತಾಲ್ಲೂಕು ಕಚೇರಿಗೆ ಅಲೆಯುವುದನ್ನು ನೋಡಿದ್ದೀರಲ್ಲ, ಅಲ್ಲೂ ಅದೇ ಕಥೆ. ಭೂಮಿ ಇಲ್ಲದವರು ಮೊದಲು ಹೊರಗೇ ಉಳಿದರು, ನಿಯಮ ಸಡಿಲವಾದದ್ದು ಆಮೇಲೆ. ಹಾಗಾಗಿ 'ಲಾಲ್‌ಪುರ್ಜಾ' ಕೂಡ ನಿಮ್ಮ ಹುಡುಕುಪದ. ಹಣ ಪಡೆಯಲು ಅರ್ಹರಾದವರನ್ನು ಕರೆಯುತ್ತಿದ್ದ 'ಲಾಭಗ್ರಾಹಿ' ಅನ್ನುವುದೂ ಅಷ್ಟೆ. ಇವೆರಡು ಪದ ಇರುವ ಬರಹವನ್ನು ಬರೆದವರು ಹಳ್ಳಿಗೆ ಹೋಗಿ ಬಂದವರು ಅಂತ ಇಟ್ಟುಕೊಳ್ಳಿ.

ಈಗ ಎಲ್ಲಿ ನೋಡಬೇಕು ಅನ್ನೋದು. ಮೊದಲ ವಾರ ಏಷ್ಯಾ ಫೌಂಡೇಷನ್‌ನ ವರದಿಗಳಿಗೆ ಕೊಡಿ. ಭೂಕಂಪದ ನಂತರ ಬಾಧಿತ ಜಿಲ್ಲೆಗಳಿಗೆ 2015ರಿಂದ 2019ರವರೆಗೆ ಐದು ಸುತ್ತು ಹೋಗಿ, ನೆರವು ಯಾರಿಗೆ ಸಿಕ್ಕಿತು, ಯಾರು ಎಷ್ಟು ಸಾಲ ಮಾಡಿದರು ಅಂತ ಕೇಳಿ ಬರೆದಿದ್ದಾರೆ. ಪುಕ್ಕಟೆ ಇಳಿಸಿಕೊಳ್ಳಬಹುದು. ಕಂತಿನ ಹಣಕ್ಕೋಸ್ಕರ ಜನ ಒಂದೇ ಕೋಣೆಯ ಸಣ್ಣ ಮನೆ ಕಟ್ಟಿದ್ದು, ದನ, ಧಾನ್ಯ, ಒಲೆ ಎಲ್ಲಾ ಬಿರುಕು ಬಿಟ್ಟ ಹಳೆಯ ಮನೆಯಲ್ಲೇ ಉಳಿದದ್ದು ಇಂಥ ವರದಿಗಳನ್ನು ಓದಿದರೇನೇ ಗೊತ್ತಾಗೋದು. ಸರ್ಕಾರಿ ಲೆಕ್ಕದಲ್ಲಿ ಅದು 'ಮನೆ ಪೂರ್ಣ', ಅಷ್ಟೇ.

ಲೇಖನಗಳಿಗೆ ನೇಪಾಳ್ ಜರ್ನಲ್ಸ್ ಆನ್‌ಲೈನ್. ಅಲ್ಲಿನ ವಿದ್ವಾಂಸರ ನೂರಾರು ಪತ್ರಿಕೆ ಒಂದೇ ಕಡೆ ಇದೆ, ಗುಣಮಟ್ಟ ಏರುಪೇರು, ಜರಡಿ ಹಿಡಿಯಬೇಕು. ಡಿಜಿಟಲ್ ಹಿಮಾಲಯ ಅಂತ ಕೇಂಬ್ರಿಡ್ಜ್‌ನಲ್ಲಿ ಶುರುವಾದ ಸಂಗ್ರಹದಲ್ಲಿ ಹಳೆಯ ಪತ್ರಿಕೆಗಳ ಕಟ್ಟೇ ಇದೆ. ಭೂಕಂಪಕ್ಕೆ ಮುಂಚೆ ಆ ಹಳ್ಳಿ ಹೇಗಿತ್ತು ಅಂತ ಗೊತ್ತಿಲ್ಲದೆ 'ಚೇತರಿಕೆ' ಅಂತ ಬರೆಯೋಕಾಗಲ್ಲ, ಅಲ್ವಾ? ತ್ರಿಭುವನ್ ವಿಶ್ವವಿದ್ಯಾಲಯದ ಡಿಜಿಟಲ್ ಲೈಬ್ರರಿಯಲ್ಲಿ ನಿಮ್ಮಂಥ ವಿದ್ಯಾರ್ಥಿಗಳೇ ಬರೆದ ಎಂ.ಎ. ಪ್ರಬಂಧಗಳಿವೆ. ಇಂಗ್ಲಿಷ್ ಒರಟಾಗಿರಬಹುದು, ಆದರೆ ಒಂದೇ ಹಳ್ಳಿಯ ನಲವತ್ತು ಮನೆಗೆ ಹೋಗಿ ಬರೆದದ್ದು ಸಿಗುತ್ತದೆ. ನನಗೆ ಅವೇ ಇಷ್ಟ.

ತುರ್ತು ದಿನಗಳ ವರದಿಗೆ ವಿಶ್ವಸಂಸ್ಥೆಯ ರಿಲೀಫ್‌ವೆಬ್. ಒಂದು ಎಚ್ಚರಿಕೆ: ಅಲ್ಲಿನ ಬರಹದಲ್ಲಿ ಅರ್ಧಕ್ಕರ್ಧ ಸಂಸ್ಥೆಗಳು ತಮ್ಮ ಬೆನ್ನು ತಾವೇ ತಟ್ಟಿಕೊಂಡದ್ದು. 'ಇಷ್ಟು ಕುಟುಂಬಕ್ಕೆ ತಾಡಪಾಲು ಕೊಟ್ಟೆವು' ಅನ್ನೋದು ಲೆಕ್ಕ ಸರಿ, ಆ ತಾಡಪಾಲಿನ ಕೆಳಗೆ ಎಷ್ಟು ಮಳೆಗಾಲ ಕಳೆದರು ಅನ್ನೋದು ಅಲ್ಲಿರಲ್ಲ.

ದುಡ್ಡು ಕೇಳುವ ಪತ್ರಿಕೆ ಎದುರಾದರೆ ಕಾರ್ಡ್ ತೆಗೆಯಬೇಡಿ. ನಿಮ್ಮದು ಸರ್ಕಾರಿ ಕಾಲೇಜಾದರೆ 2025ರ ಜನವರಿಯಿಂದ 'ಒಂದು ದೇಶ ಒಂದು ಚಂದಾ' ಯೋಜನೆಯಲ್ಲಿ ಸುಮಾರು 13,000 ಪತ್ರಿಕೆ ಓದಲು ಅವಕಾಶವಿದೆ. ನಿಮ್ಮ ಲೈಬ್ರೇರಿಯನ್‌ರನ್ನು ಕೇಳಿ. ನಮ್ಮನ್ನು ಯಾರೂ ಕೇಳಲ್ಲ, ಅದೇ ಬೇಜಾರು.

ಪ್ರತಿಕ್ರಿಯೆ (ಮದ್ದೂರು, ಉಪನ್ಯಾಸಕರು)

ಮೇಡಂ, ತಪ್ಪು ತಿಳಿಯಬೇಡಿ. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿಯಿತು, ಪಕ್ಕದಲ್ಲೇ ಇದೆ. ಬಸ್ ಹತ್ತಿದರೆ ಸಾಕು. ನೇಪಾಳ ಯಾಕೆ?

ಉತ್ತರ

ಸರ್, ಕೊಡಗಿನ ಬಗ್ಗೆ ಬರೆಯುವವರು ಬೇಕೇ ಬೇಕು. ಆದರೆ ಒಂದೊಂದು ಮನೆಯ ಲೆಕ್ಕವನ್ನೂ ಸಾರ್ವಜನಿಕವಾಗಿ ತೆರೆದಿಟ್ಟಿರುವುದು ನೇಪಾಳ. ಕಠ್ಮಂಡು ಕಣಿವೆಯ ಮೂರು ಜಿಲ್ಲೆ ಬಿಟ್ಟು ಅತಿ ಹೆಚ್ಚು ಹಾನಿಯಾದ 11 ಜಿಲ್ಲೆಗಳಲ್ಲಿ ಮನೆಮನೆ ಸರ್ವೆ ಮಾಡಿದರು. 7.6 ಲಕ್ಷ ಕಟ್ಟಡ. ಹೆಸರು ತೆಗೆದು, ಉಳಿದದ್ದನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಓಪನ್ ಡೇಟಾ ಪೋರ್ಟಲ್‌ನಲ್ಲಿ ಇಟ್ಟರು. ನಮ್ಮಲ್ಲಿ ಅಂಥದ್ದಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯಬೇಕು. ಹುಡುಗಿಗೆ ಇರೋದು ಆರು ವಾರ.

ಪ್ರತಿಕ್ರಿಯೆ (ವಿದ್ಯಾರ್ಥಿನಿ, ಎರಡು ವಾರದ ನಂತರ)

ಮೇಡಂ, ಆ ಸರ್ವೆ ಇಳಿಸಿಕೊಂಡೆ. ಲ್ಯಾಪ್‌ಟಾಪ್ ನಿಂತೇಹೋಯಿತು. ಆಮೇಲೆ ಜನಗಣತಿಯ ಜೊತೆ ಹೋಲಿಸಲು ಹೋದರೆ ಹಳ್ಳಿಯ ಹೆಸರುಗಳು ಹೊಂದುತ್ತಲೇ ಇಲ್ಲ. ಒಂದು ಸರ್ಕಾರಿ ಪಿಡಿಎಫ್‌ನಿಂದ ಕಾಪಿ ಮಾಡಿದರೆ ಅಕ್ಷರವೆಲ್ಲಾ ಚೆಲ್ಲಾಪಿಲ್ಲಿ. ಇನ್ನೊಂದರಲ್ಲಿ 2072ನೇ ಇಸವಿ ಅಂತಿದೆ!

ಉತ್ತರ

ಸರಿಯಾದ ಜಾಗಕ್ಕೇ ಬಂದು ಸಿಕ್ಕಿಹಾಕಿಕೊಂಡಿದ್ದೀರಿ.

ಮೊದಲು ಊರಿನ ಹೆಸರು. ಸರ್ವೆ ಆದಾಗ ನೇಪಾಳದಲ್ಲಿ ನಮ್ಮ ಗ್ರಾಮ ಪಂಚಾಯಿತಿ ಥರದ ಗ್ರಾಮ ವಿಕಾಸ ಸಮಿತಿಗಳಿದ್ದವು, ಜನ ಗಾವಿಸ ಅಂತಾರೆ. ಅಂಥವು ದೇಶದಲ್ಲಿ ಮೂರು ಸಾವಿರಕ್ಕೂ ಜಾಸ್ತಿ. 2017ರಲ್ಲಿ ಅವನ್ನೆಲ್ಲಾ ರದ್ದು ಮಾಡಿ, ಪಟ್ಟಣಗಳನ್ನೂ ಸೇರಿಸಿ ಒಟ್ಟು 753 ಸ್ಥಳೀಯ ಆಡಳಿತ ಮಾಡಿದರು, ಹಳ್ಳಿಯದಾದರೂ ಪಟ್ಟಣದ್ದಾದರೂ ಅದಕ್ಕೆ ಪಾಲಿಕೆ ಅಂತಲೇ ಅನ್ನುತ್ತಾರೆ. ಸಿಂಧುಪಾಲ್ಚೋಕ್‌ನಲ್ಲಿ ಈಗ ಇರುವುದು 12 ಮಾತ್ರ. 2011ರ ಜನಗಣತಿ ಹಳೆಯ ಗಾವಿಸ ಪ್ರಕಾರ, 2021ರದ್ದು ಹೊಸ ಪಾಲಿಕೆ ಪ್ರಕಾರ. ನಾನೇ ಒಮ್ಮೆ ಇದನ್ನು ಗಮನಿಸದೆ, ಒಂದು ಊರಿನ ಜನಸಂಖ್ಯೆ ಹತ್ತು ವರ್ಷದಲ್ಲಿ ಆರು ಪಟ್ಟಾಯಿತು ಅಂತ ಒಬ್ಬರಿಗೆ ಬರೆದುಕೊಟ್ಟಿದ್ದೆ. ಆರು ಹಳ್ಳಿ ಒಂದೇ ಹೆಸರಿನ ಕೆಳಗೆ ಬಂದಿತ್ತು, ಅಷ್ಟೆ. ಅವರು ಒಳ್ಳೆಯವರು, ಬೈಯಲಿಲ್ಲ. ಹಳೆಯ ಗಾವಿಸ ಈಗ ಯಾವ ಪಾಲಿಕೆಯ ಎಷ್ಟನೇ ವಾರ್ಡ್ ಅಂತ ತೋರಿಸುವ ಪಟ್ಟಿ ಮೊದಲು ಮಾಡಿಕೊಳ್ಳಿ. ಮೂರು ದಿನ ಹೋಗುತ್ತದೆ, ಹೋಗಲಿ.

ಇಸವಿ ಸುಲಭ. ಅದು ವಿಕ್ರಮ ಸಂವತ್. ವರ್ಷ ಹುಟ್ಟುವುದು ಏಪ್ರಿಲ್ ಮಧ್ಯದಲ್ಲಿ, ವೈಶಾಖದಿಂದ. ಭೂಕಂಪ ಆದದ್ದು 2072ರ ವೈಶಾಖ 12. ಡಿಸೆಂಬರ್ ಮುಗಿಯುವವರೆಗೆ 57 ಕಳೆಯಿರಿ, ಆಮೇಲೆ ಏಪ್ರಿಲ್‌ವರೆಗೆ 56. ಅವರ ಹಣಕಾಸು ವರ್ಷ ಮತ್ತೂ ಬೇರೆ, ಜುಲೈ ಮಧ್ಯದಲ್ಲಿ ಶುರು. ನಮ್ಮ ಮಾರ್ಚ್ 31ರ ಅಭ್ಯಾಸ ಅಲ್ಲಿ ನಡೆಯಲ್ಲ. ಅಂದಹಾಗೆ ಅಲ್ಲಿನ ಹಳಬರು 'ನಬ್ಬೆ ಸಾಲ್', ಅಂದರೆ ತೊಂಬತ್ತನೇ ಇಸವಿಯ ಭೂಕಂಪ ಅಂದರೆ ಅದು 1990ನೇ ಸಂವತ್ಸರದ್ದು, ನಮ್ಮ ಲೆಕ್ಕದಲ್ಲಿ 1934ರ ಜನವರಿ. 1990ರ ದಶಕ ಅಂತ ಬರೆದುಬಿಟ್ಟೀರಿ.

ಅಕ್ಷರದ ತೊಂದರೆ ನಮಗೆ ಹೊಸದಲ್ಲ. ಹಳೆಯ ನುಡಿ ಫೈಲನ್ನು ಬೇರೆ ಕಂಪ್ಯೂಟರ್‌ನಲ್ಲಿ ತೆರೆದಾಗ ಏನಾಗುತ್ತದೋ ಅದೇ. ಅಲ್ಲಿ ಪ್ರೀತಿ ಅಂತ ಒಂದು ಫಾಂಟ್ ಇದೆ, ಯೂನಿಕೋಡ್ ಅಲ್ಲ. ಪ್ರೀತಿಯಿಂದ ಯೂನಿಕೋಡ್‌ಗೆ ಬದಲಿಸುವ ಪುಟಗಳು ಪುಕ್ಕಟೆ ಸಿಗುತ್ತವೆ. ಪ್ರೀತಿಯಲ್ಲಿರುವ ಕಡತ ಗೂಗಲ್‌ನಲ್ಲಿ ಸರಿಯಾಗಿ ಸಿಗದು, ಹಾಗಾಗಿ ಇಲಾಖೆಯ ಪುಟಕ್ಕೇ ಹೋಗಿ ಒಂದೊಂದಾಗಿ ತೆರೆಯಬೇಕು. ಪುನರ್ನಿರ್ಮಾಣ ಪ್ರಾಧಿಕಾರ 2021ರ ಡಿಸೆಂಬರ್‌ಗೆ ಮುಚ್ಚಿತು. ಮುಚ್ಚಿದ ಕಚೇರಿಯ ಕೊಂಡಿ ಕೈಕೊಟ್ಟರೆ ವೇಬ್ಯಾಕ್ ಮೆಷಿನ್‌ನಲ್ಲಿ ಹಳೆಯ ಪ್ರತಿ ಹುಡುಕಿ, ಸಿಕ್ಕಿದ್ದನ್ನು ಅವತ್ತೇ ಉಳಿಸಿಕೊಳ್ಳಿ.

ಲ್ಯಾಪ್‌ಟಾಪಿಗೆ 7.6 ಲಕ್ಷ ಸಾಲು ಯಾಕೆ ತುರುಕಿದಿರಿ? ಸಿಂಧುಪಾಲ್ಚೋಕ್ ಮಾತ್ರ ಬೇರೆ ಮಾಡಿಕೊಳ್ಳಿ. ಹಾನಿಯನ್ನು 1ರಿಂದ 5ರವರೆಗೆ ಗುರುತು ಹಾಕಿದ್ದಾರೆ, ಪಕ್ಕದಲ್ಲೇ ಗೋಡೆ ಯಾವುದು ಅಂತಲೂ ಇದೆ. ಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆ ಎಷ್ಟು, ಅದರಲ್ಲಿ 5ಕ್ಕೆ ಹೋದದ್ದು ಎಷ್ಟು ಅಂತ ಎಣಿಸಿ, ಒಂದು ಅಧ್ಯಾಯವಾಗುತ್ತದೆ.

ದುಡ್ಡಿನ ವಿಷಯ ಬಂದಾಗ 1 ಭಾರತೀಯ ರೂಪಾಯಿಗೆ 1.60 ನೇಪಾಳಿ ರೂಪಾಯಿ, ಈ ದರ ಬದಲಾಗಲ್ಲ. 3 ಲಕ್ಷ ಅಂದರೆ ನಮ್ಮ 1,87,500.

ಪ್ರತಿಕ್ರಿಯೆ (ಶ್ರೀರಂಗಪಟ್ಟಣ, ಕೃಷಿಕರು)

ನಮ್ಮ ಗದ್ದೆ ಪಕ್ಕದ ಫಾರಂನಲ್ಲಿ ನೇಪಾಳದವರಿದ್ದಾರೆ. ಊರಲ್ಲಿ ಮನೆ ಕಟ್ಟುವಾಗ ಒಬ್ಬರಿಗೊಬ್ಬರು ಕೂಲಿ ಇಲ್ಲದೆ ಆಳು ಕೊಟ್ಟುಕೊಂಡೆವು ಅಂದರು. ನಮ್ಮ ಮುಯ್ಯಾಳು ಇದ್ದಹಾಗೆ.

ಉತ್ತರ

ಅದೇ ಸ್ವಾಮಿ! ಅಲ್ಲಿ ಅದಕ್ಕೆ ಪರ್ಮಾ ಅಂತಾರೆ. ಹಳ್ಳಿಯಲ್ಲಿ ಗಂಡಾಳುಗಳೆಲ್ಲಾ ಹೊರಗೆ ದುಡಿಯಲು ಹೋದರೆ ಪರ್ಮಾಗೆ ಆಳು ಎಲ್ಲಿಂದ ಬರಬೇಕು? ಹೆಂಗಸರೇ ಮೇಸ್ತ್ರಿ ಕೆಲಸ ಕಲಿತ ಕಥೆಗಳು ಸಿಗುತ್ತವೆ. ಹುಡುಗಿ, ಇದನ್ನು ಬರೆದುಕೊಳ್ಳಿ.

ವಲಸೆಯ ಬಗ್ಗೆ ಹುಡುಕುವಾಗ ಒಂದು ಗಮನದಲ್ಲಿರಲಿ. ವಿದೇಶಿ ಉದ್ಯೋಗಕ್ಕೆ ನೇಪಾಳ ಕೊಡುವ ಪರವಾನಗಿಯ ಲೆಕ್ಕ ಚೆನ್ನಾಗಿ ಸಿಗುತ್ತದೆ: ಕತಾರ್, ಮಲೇಷ್ಯಾ, ಸೌದಿ. ಭಾರತಕ್ಕೆ ಬರುವವರಿಗೆ ಪರವಾನಗಿಯೇ ಬೇಡ, ಗಡಿ ತೆರೆದಿದೆ. ಅಂದರೆ ನಿಮ್ಮ ವಾಚ್‌ಮನ್ ಅಣ್ಣ ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಅವರಂಥವರು ಸಿಗೋದು ಜನಗಣತಿಯಲ್ಲಿ, 'ಮನೆಯಿಂದ ಹೊರದೇಶಕ್ಕೆ ಹೋದವರು' ಅನ್ನುವ ಕಲಂನಲ್ಲಿ. 2021ರಲ್ಲಿ ಹಾಗೆ ಎಣಿಸಿದವರು ಸುಮಾರು 21.9 ಲಕ್ಷ.

ಪ್ರತಿಕ್ರಿಯೆ (ವಿದ್ಯಾರ್ಥಿನಿ)

ಮೇಡಂ, ನಿನ್ನೆ ವಾಚ್‌ಮನ್ ಅಣ್ಣನನ್ನು ಲಾಲ್‌ಪುರ್ಜಾ ಅಂತ ಕೇಳಿದೆ. ಎಷ್ಟು ಖುಷಿಯಾಯ್ತು ಅವರಿಗೆ! ಮೊಬೈಲ್‌ನಲ್ಲಿ ಫೋಟೊ ತೋರಿಸಿದರು, ಕಾಗದ ಅವರ ತಂದೆ ಹೆಸರಲ್ಲಿದೆ. ಮನೆಗೆ 3 ಲಕ್ಷ ಬಂತಂತೆ, ಖರ್ಚಾದದ್ದು 9 ಲಕ್ಷ. ಸಿಮೆಂಟ್ ಚೀಲಕ್ಕಿಂತ ಅದನ್ನು ಬೆಟ್ಟದ ಮೇಲಕ್ಕೆ ಹೊರಿಸಿದ್ದಕ್ಕೇ ಜಾಸ್ತಿ ಕೊಟ್ಟೆ ಅಂದರು. ಆ ಫೋಟೊ ಇಲ್ಲಿ ಹಾಕಲಾ?

ಉತ್ತರ

ಬೇಡ. ಇಲ್ಲೂ ಬೇಡ, ಪ್ರಾಜೆಕ್ಟಿನಲ್ಲೂ ಬೇಡ. ಅವರ ಹೆಸರು, ಕಾಗದದ ನಂಬರ್, ನಿಮ್ಮ ಪಿ.ಜಿ. ಹೆಸರು ಯಾವುದೂ ಬರಬಾರದು. ಅವರು ಒಪ್ಪಿದರೆ ಮಾತು ಮಾತ್ರ ಬರೆದುಕೊಳ್ಳಿ, ಬರೆದದ್ದನ್ನು ಒಮ್ಮೆ ಓದಿ ಹೇಳಿ. ಹಳೆಯ ಗಾವಿಸ ಹೆಸರು, ವಾರ್ಡ್ ನಂಬರ್ ಕೇಳಿಟ್ಟುಕೊಳ್ಳಿ, ನಿಮ್ಮ ಪಟ್ಟಿ ಸರಿಯಿದೆಯಾ ಅಂತ ಅದರಿಂದಲೇ ನೋಡಬಹುದು. ಸಾಲ ಬ್ಯಾಂಕಿನದೋ, ಊರಿನ ಸಾಹುಕಾರನದೋ, ಬಡ್ಡಿ ಎಷ್ಟು ಅಂತಲೂ ಕೇಳಿ. ರಾತ್ರಿ ಪಾಳಿ ಮುಗಿಸಿದ ಕೂಡಲೇ ಕೇಳಬೇಡಿ, ಮಲಗಲು ಬಿಡಿ. ಸಂಜೆ ಟೀ ಕುಡಿಯುವ ಹೊತ್ತು ಸರಿ.